ಕಾಲಿನೊಳಗಿನ ರಾಡ್‌ಗೆ ಮೊಬೈಲಿನ ಭಯವಿಲ್ಲ, ಪೇಸ್‌ಮೇಕರಿಗೆ ಅಯಸ್ಕಾಂತದ ಭಯವಿದೆ

ಐಫೋನ್ 12 ಆರೋಗ್ಯದ ವಿಚಾರಕ್ಕೆ ಎರಡು ಸಲ ಸುದ್ದಿಯಾದ ಫೋನು. 2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ತರಂಗಾಂತರ ನಿಯಂತ್ರಣ ಸಂಸ್ಥೆ ಅದರ ಮಾರಾಟಕ್ಕೆ ತಡೆ ಹಾಕಿತು. ಫೋನನ್ನು ಕೈಯಲ್ಲಿ ಹಿಡಿದಾಗ ಅಥವಾ ಪ್ಯಾಂಟಿನ ಜೇಬಿನಲ್ಲಿ ಇಟ್ಟಾಗ ಕೈಕಾಲು ಹೀರಿಕೊಳ್ಳುವ ರೇಡಿಯೊ ಶಕ್ತಿ ಕಿಲೋಗ್ರಾಂಗೆ 4 ವ್ಯಾಟ್ ದಾಟಬಾರದು ಎಂಬುದು ಅಲ್ಲಿನ ನಿಯಮ. ಪರೀಕ್ಷೆಯಲ್ಲಿ ಸಿಕ್ಕಿದ್ದು 5.74 ವ್ಯಾಟ್. ‘ವಿಕಿರಣ’ ಎಂಬ ಪದ ಬಿದ್ದದ್ದೇ ತಡ, ಸುದ್ದಿ ದೇಶದೇಶ ಸುತ್ತಿತು. ಆಪಲ್ ಸಾಫ್ಟ್‌ವೇರ್ ತಿದ್ದಿ ಕೊಟ್ಟಿತು, ಗದ್ದಲ ತಣ್ಣಗಾಯಿತು.

ಅದಕ್ಕೂ ಎರಡೂವರೆ ವರ್ಷ ಮೊದಲು, 2021ರ ಜನವರಿಯಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯ ಹೃದ್ರೋಗ ವೈದ್ಯರು ವೈದ್ಯಕೀಯ ಪತ್ರಿಕೆಯೊಂದಕ್ಕೆ ಚಿಕ್ಕ ಪತ್ರ ಬರೆದಿದ್ದರು. ಎದೆಯಲ್ಲಿ ಐಸಿಡಿ, ಅಂದರೆ ಹೃದಯದ ಬಡಿತ ಹಳಿ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಸಾಧನ, ಇದ್ದ ರೋಗಿಯೊಬ್ಬರ ಎಡಎದೆಯ ಬಳಿಗೆ ಇದೇ ಐಫೋನ್ 12 ತಂದರು. ಸಾಧನ ತಕ್ಷಣ ಕೆಲಸ ನಿಲ್ಲಿಸಿತು. ಫೋನು ಅಲ್ಲಿರುವಷ್ಟೂ ಹೊತ್ತು ನಿಂತೇ ಇತ್ತು. ಕಾರಣ ವಿಕಿರಣ ಅಲ್ಲವೇ ಅಲ್ಲ. ಫೋನಿನ ಬೆನ್ನಿನಲ್ಲಿ ಚಾರ್ಜರ್ ಅಂಟಿಸಿಕೊಳ್ಳಲೆಂದು ಉಂಗುರದ ಆಕಾರದಲ್ಲಿ ಜೋಡಿಸಿದ್ದ ಅಯಸ್ಕಾಂತ. ಈ ಸುದ್ದಿ ನಮ್ಮ ಕಡೆ ಅಷ್ಟಾಗಿ ಕಿವಿಗೆ ಬೀಳಲಿಲ್ಲ.

ಮೈಯೊಳಗೆ ಲೋಹ ಇಟ್ಟುಕೊಂಡವರ ಮೊಬೈಲ್ ಭಯದ ಕಥೆಯೆಲ್ಲ ಈ ಎರಡು ಸುದ್ದಿಗಳ ನಡುವೆ ಇದೆ. ಹೆದರಬೇಕಾಗಿಲ್ಲದ ಕಡೆ ಹೆದರುತ್ತೇವೆ, ಗಮನ ಕೊಡಬೇಕಾದ ಕಡೆ ನೋಡುವುದೇ ಇಲ್ಲ. ಮೂಳೆ ಡಾಕ್ಟರ ಹತ್ತಿರ ‘ಕಾಲಿಗೆ ರಾಡ್ ಹಾಕಿದೀರಲ್ಲ ಸಾರ್, ಅದೇ ಕಡೆ ಜೇಬಲ್ಲಿ ಮೊಬೈಲ್ ಇಟ್ಕೊಂಡ್ರೆ ಏನಾದ್ರೂ ಆಗುತ್ತಾ?’ ಅಂತ ಕೇಳುವವರು ಬೇಕಾದಷ್ಟು ಜನ. ಹೃದಯದ ಬಡಿತ ಕಾಯುವ ಪೇಸ್‌ಮೇಕರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಮೊಬೈಲಿನ ಫ್ಲಿಪ್ ಕವರಿನಲ್ಲಿರುವ ಅಯಸ್ಕಾಂತದ ಬಗ್ಗೆ ಕೇಳುವವರು ಅಪರೂಪ.

ಎಷ್ಟು ಶಕ್ತಿ ಅಂತ ಮೊದಲು ನೋಡೋಣ

ಮೊಬೈಲು ಟವರಿನ ಜೊತೆ ಮಾತಾಡುವುದು ರೇಡಿಯೊ ಅಲೆಗಳಲ್ಲಿ. ನಮ್ಮ ದೇಶದಲ್ಲಿ 700 ಮೆಗಾಹರ್ಟ್ಸ್‌ನಿಂದ ಹಿಡಿದು 5ಜಿ ಬಂದ ಮೇಲೆ 3.3 ಗಿಗಾಹರ್ಟ್ಸ್‌ನ ಆಚೆಗೂ ಈ ಅಲೆಗಳು ಹರಡಿವೆ. ಎಕ್ಸ್-ರೇ, ಗಾಮಾ ಕಿರಣಗಳ ಜಾತಿಗೆ ಇವು ಸೇರಿದವಲ್ಲ. ಅಣುವಿನಿಂದ ಎಲೆಕ್ಟ್ರಾನು ಕಿತ್ತೆಸೆಯಲು ಬೇಕಾದ ಶಕ್ತಿಯ ಲಕ್ಷದಲ್ಲೊಂದು ಪಾಲೂ ಈ ಅಲೆಯ ಒಂದು ಕಣದಲ್ಲಿಲ್ಲ. ಹಾಗಾಗಿ ಒಳಗಿನ ಟೈಟಾನಿಯಂ ರಾಡು ‘ರೇಡಿಯೇಶನ್ ಹಿಡಿದುಕೊಂಡು’ ಆಮೇಲೆ ತಾನೇ ವಿಕಿರಣ ಸೂಸುತ್ತದೆ ಎಂಬ ಮಾತಿಗೆ ಬುಡವೇ ಇಲ್ಲ. ಇವುಗಳಿಂದ ಮೈಗೆ ಆಗುತ್ತದೆ ಎಂದು ಗಟ್ಟಿಯಾಗಿ ಹೇಳಬಹುದಾದ ಪರಿಣಾಮ ಒಂದೇ, ಬಿಸಿ.

ಬಿಸಿಯಾದರೆ ಎಷ್ಟು? 4ಜಿ, 5ಜಿ ಫೋನು ಹೊರಗೆ ಬಿಡುವ ಶಕ್ತಿ ಸಾಮಾನ್ಯವಾಗಿ ಹೆಚ್ಚೆಂದರೆ ಒಂದು ವ್ಯಾಟಿನ ಐದನೇ ಒಂದು ಭಾಗ. ಹಳೆಯ 2ಜಿ ಫೋನು 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೆ ಹೋಗುತ್ತದೆ. ಆದರೆ ಅದು ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ ಅಲೆ ಬಿಡುವುದರಿಂದ ಸರಾಸರಿ ಕಾಲು ವ್ಯಾಟ್. ಸುಮ್ಮನೆ ಕುಳಿತಿರುವ ಮನುಷ್ಯನ ಮೈಯೇ 80ರಿಂದ 100 ವ್ಯಾಟ್ ಶಾಖ ಹುಟ್ಟಿಸುತ್ತಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ರಾಯಚೂರಿನ ಬಸ್ ಸ್ಟ್ಯಾಂಡಿನ ಹೊರಗೆ ನಿಂತರೆ ಒಂದೊಂದು ಚದರ ಮೀಟರಿಗೆ ಸುಮಾರು ಸಾವಿರ ವ್ಯಾಟ್ ಬಿಸಿಲು ಬಡಿಯುತ್ತದೆ. ಮಾತಾಡಿದ ಮೇಲೆ ಕಿವಿ ಕಾಯುವುದಕ್ಕೂ ಬಹುಪಾಲು ಕಾರಣ ಬ್ಯಾಟರಿ ಮತ್ತು ಒಳಗಿನ ಚಿಪ್ಪುಗಳ ಶಾಖ. ಜೊತೆಗೆ ಗಾಜಿನ ಹಲಗೆಯನ್ನು ಕೆನ್ನೆಗೆ ಒತ್ತಿಕೊಂಡಾಗ ಗಾಳಿ ಆಡದಿರುವುದು.

ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಫೋನುಗಳ ಎಸ್‌ಎಆರ್, ಅಂದರೆ ಮೈ ಹೀರಿಕೊಳ್ಳುವ ರೇಡಿಯೊ ಶಕ್ತಿಯ, ಮಿತಿ ಕಿಲೋಗ್ರಾಂಗೆ 1.6 ವ್ಯಾಟ್, ಅದೂ ಒಂದು ಗ್ರಾಂ ಮಾಂಸದ ಸರಾಸರಿಯಲ್ಲಿ. ಫೋನಿನಲ್ಲಿ *#07# ಒತ್ತಿದರೆ ನಿಮ್ಮ ಮಾದರಿಯ ಅಂಕಿ ಕಾಣುತ್ತದೆ. ಅದೇ ದಿನದಿಂದ ಟವರುಗಳ ಮಿತಿಯನ್ನೂ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದಕ್ಕೆ ಇಳಿಸಲಾಯಿತು. ಈ 1.6ರಲ್ಲಿ ಎಷ್ಟು ಬಿಸಿ ಇದೆ ಎಂದು ಹಾಳೆಯ ಮೇಲೆ ಲೆಕ್ಕ ಹಾಕಬಹುದು. ಒಂದು ಕಿಲೋ ಮಾಂಸವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 3,500 ಜೂಲ್ ಬೇಕು. ಸೆಕೆಂಡಿಗೆ 1.6 ಜೂಲ್ ಸುರಿದರೆ ಒಂದು ಡಿಗ್ರಿ ಏರಲು ಮೂವತ್ತಾರು ನಿಮಿಷ ಹಿಡಿಯುತ್ತದೆ, ಅದೂ ಆ ಜಾಗದಲ್ಲಿ ರಕ್ತ ಹರಿಯುತ್ತಲೇ ಇಲ್ಲ ಎಂದುಕೊಂಡರೆ. ಬದುಕಿರುವ ದೇಹದಲ್ಲಿ ರಕ್ತ ಶಾಖವನ್ನು ಹೊತ್ತುಕೊಂಡು ಹೋಗುತ್ತಲೇ ಇರುತ್ತದೆ.

ಈಗ ಆ ಮಾಂಸದ ನಡುವೆ ಒಂದು ಲೋಹದ ತುಂಡು ಇಡೋಣ. ಇಲ್ಲಿ ವಿಜ್ಞಾನ ‘ಏನೂ ಆಗುವುದಿಲ್ಲ’ ಎನ್ನುವುದಿಲ್ಲ, ಮತ್ತು ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ರೇಡಿಯೊ ಅಲೆ ಲೋಹದೊಳಕ್ಕೆ ಇಳಿಯುವುದಿಲ್ಲ; 900 ಮೆಗಾಹರ್ಟ್ಸ್‌ನಲ್ಲಿ ಟೈಟಾನಿಯಂ ಮೇಲ್ಮೈಯ ಹತ್ತಿಪ್ಪತ್ತು ಮೈಕ್ರಾನ್ ದಪ್ಪದಲ್ಲೇ ನಿಂತು ಬಹುಪಾಲು ಹಿಂದಿರುಗುತ್ತದೆ. ಆದರೆ ಹಾಗೆ ಹಿಂದಿರುಗುವಾಗ ಲೋಹದ ಅಂಚು, ತುದಿ, ಸ್ಕ್ರೂವಿನ ಮೊನೆಗಳ ಹತ್ತಿರ ವಿದ್ಯುತ್ ಕ್ಷೇತ್ರ ಒತ್ತೊತ್ತಾಗುತ್ತದೆ. ತುಂಡಿನ ಉದ್ದ ಅಲೆಯ ಉದ್ದದ ಅರ್ಧಕ್ಕೆ ಹತ್ತಿರವಿದ್ದರೆ ಇನ್ನೂ ಹೆಚ್ಚು. ಗಾಳಿಯಲ್ಲಿ ಮೂವತ್ತಮೂರು ಸೆಂಟಿಮೀಟರ್ ಇರುವ ಅಲೆ ಸ್ನಾಯುವಿನೊಳಗೆ ನಾಲ್ಕೂವರೆ ಸೆಂಟಿಮೀಟರಿಗೆ ಕುಗ್ಗುತ್ತದೆ. ಅಂದರೆ ಎರಡು ಸೆಂಟಿಮೀಟರಿನ ಆಸುಪಾಸಿನ ಪ್ಲೇಟು ತಲೆಯಲ್ಲಿದ್ದು, ಫೋನನ್ನು ಅದರ ಮೇಲೆಯೇ ಹಿಡಿದರೆ ಅಂಚಿನ ಅಕ್ಕಪಕ್ಕ ಎಸ್‌ಎಆರ್ ಏರಬಹುದು. ಫಿನ್ಲೆಂಡಿನ ಸಂಶೋಧಕರು 2000ದ ದಶಕದಲ್ಲಿ ತಲೆಬುರುಡೆಯ ಪ್ಲೇಟು, ಕಿವಿಯೋಲೆಯಂಥ ಲೋಹಗಳನ್ನಿಟ್ಟು ಕಂಪ್ಯೂಟರಿನಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದರು. ಕೆಲವು ಕಡೆ ಏರಿಕೆ ಕಂಡಿತು. ಫೋನಿನ ಶಕ್ತಿಯ ಮಟ್ಟದಲ್ಲಿ ಅದರಿಂದ ಹುಟ್ಟುವ ಬಿಸಿ ಅಪಾಯದ ಗೆರೆ ಮುಟ್ಟಲಿಲ್ಲ.

ಯಾಕೆ ಮುಟ್ಟುವುದಿಲ್ಲ ಎಂಬುದಕ್ಕೆ ಲೋಹದ ಗುಣವೇ ಕಾರಣ. ಕೀಲಿಗೆ ಹಾಕುವ ಟೈಟಾನಿಯಂ ಮಿಶ್ರಲೋಹ ಮಾಂಸಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಿಸುತ್ತದೆ. ಒಂದು ತುದಿಯಲ್ಲಿ ಹುಟ್ಟಿದ ಚೂರು ಬಿಸಿ ಇಡೀ ತುಂಡಿಗೆ ಹಂಚಿಹೋಗುತ್ತದೆ. ಮೊಣಕಾಲಿನ ಕೀಲು, ತೊಡೆಯ ರಾಡು ಇರುವುದಂತೂ ಆಳದಲ್ಲಿ. 900 ಮೆಗಾಹರ್ಟ್ಸ್ ಅಲೆ ಸ್ನಾಯುವಿನಲ್ಲಿ ಎರಡು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಅದರ ಶಕ್ತಿ ಮೂರನೇ ಒಂದು ಭಾಗಕ್ಕೆ ಬಂದಿರುತ್ತದೆ. 5ಜಿಯ 26 ಗಿಗಾಹರ್ಟ್ಸ್ ಅಲೆ ಚರ್ಮದಲ್ಲೇ ಮುಗಿಯುತ್ತದೆ, ಒಳಗಿನ ಲೋಹಕ್ಕೆ ಅದರ ಸುಳಿವೂ ಸಿಗುವುದಿಲ್ಲ.

‘ಮೈಕ್ರೋವೇವ್ ಓವನಿನಲ್ಲಿ ಸ್ಟೀಲ್ ಚಮಚ ಇಟ್ಟರೆ ಕಿಡಿ ಹಾರುತ್ತಲ್ಲ?’ ಎಂಬ ವಾದ ವಾಟ್ಸ್ಆ್ಯಪಿನಲ್ಲಿ ಆಗಾಗ ಬರುತ್ತದೆ. ಹಾರುತ್ತದೆ. ಅಲ್ಲಿ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ 800 ವ್ಯಾಟ್ ಸುತ್ತುತ್ತಿದೆ. ಫೋನಿನ ನಾಲ್ಕು ಸಾವಿರ ಪಟ್ಟು.

ನಿಜವಾಗಿ ಹೆದರಬೇಕಾದ ಯಂತ್ರ ಯಾವುದು ಎಂದರೆ ಫಿಸಿಯೋಥೆರಪಿ ಕೋಣೆಯಲ್ಲಿದೆ. ಸೊಂಟ, ಮಂಡಿ ನೋವಿಗೆ ‘ಕರೆಂಟ್ ಕೊಡ್ತಾರೆ’ ಎನ್ನುತ್ತೇವಲ್ಲ, ಅದರಲ್ಲಿ ಶಾರ್ಟ್‌ವೇವ್ ಡಯಾಥರ್ಮಿ ಎಂಬ ಬಗೆ ಇದೆ. ಎರಡು ಪ್ಯಾಡುಗಳ ನಡುವೆ ಮಂಡಿ ಇಟ್ಟು 27 ಮೆಗಾಹರ್ಟ್ಸ್ ಅಲೆಯಿಂದ ಒಳಮಾಂಸವನ್ನೇ ಬಿಸಿ ಮಾಡುವುದು. ಬೇಕೆಂದೇ ಬಿಸಿ ಮಾಡುವ ಯಂತ್ರ, ನೂರಾರು ವ್ಯಾಟ್. ಅದಕ್ಕೇ ಫಿಸಿಯೋದವರು ಸ್ವಿಚ್ ಹಾಕುವ ಮೊದಲು ‘ಒಳಗೆ ರಾಡ್, ಪ್ಲೇಟ್ ಏನಾದ್ರೂ ಇದೆಯಾ?’ ಅಂತ ಕೇಳುವುದು. ಕೇಳದಿದ್ದರೆ ನೀವೇ ಹೇಳಬೇಕು. ಪಾರ್ಕಿನ್ಸನ್‌ನಂಥ ಕಾಯಿಲೆಗೆ ಇಡುವ ತಂತಿ ಮೆದುಳಿನೊಳಗಿದ್ದ ಇಬ್ಬರು ರೋಗಿಗಳಿಗೆ ಡಯಾಥರ್ಮಿ ಕೊಟ್ಟಾಗ ತಂತಿಯ ತುದಿ ಕಾದು ಮೆದುಳಿಗೆ ತೀವ್ರ ಹಾನಿಯಾಗಿ ಅವರು ತೀರಿಕೊಂಡರು. 2002ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಎಂಆರ್‌ಐ ಯಂತ್ರದ ವಿಷಯದಲ್ಲೂ ಇಷ್ಟೇ ಜಾಗ್ರತೆ ಬೇಕು. ರೇಡಿಯೊ ಅಲೆ ಮತ್ತು ಲೋಹ ಸೇರಿದರೆ ಅನಾಹುತ ಆಗಬಹುದು ಎಂಬ ಭಯ ಹುಟ್ಟಿಕೊಂಡದ್ದು ಸುಳ್ಳಿನಿಂದಲ್ಲ. ಸಾವಿರಾರು ಪಟ್ಟು ಶಕ್ತಿಯ ಯಂತ್ರಗಳ ಸತ್ಯವನ್ನು ತಂದು ಮೊಬೈಲಿನ ತಲೆಗೆ ಕಟ್ಟಿದ್ದರಿಂದ.

ಹಲ್ಲಿನ ಕ್ಲಿಪ್ಪು, ಕಾಪರ್-ಟಿ, ಸೊಂಟದ ಕೀಲು

ಬಿಸಿಯ ಮಾತು ಬಿಟ್ಟರೆ ಇನ್ನೊಂದು ದೂರಿದೆ: ಮೊಬೈಲಿನಿಂದಾಗಿ ಲೋಹ ಕರಗಿ ಮೈಗೆ ಸೇರುತ್ತದೆ ಎಂಬುದು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಹುಡುಗ ಹುಡುಗಿಯರ ಜೊಲ್ಲಿನಲ್ಲಿ ಮೊಬೈಲ್ ಬಳಕೆ ಹೆಚ್ಚಿದಷ್ಟೂ ನಿಕ್ಕಲ್ ಹೆಚ್ಚು ಕಂಡಿತು, ಬೆಳ್ಳಿಬಣ್ಣದ ಅಮಾಲ್ಗಮ್ ತುಂಬಿಸಿದ ಹಲ್ಲಿನಿಂದ ಪಾದರಸ ಹೆಚ್ಚು ಹೊರಬಂತು ಎಂದು ಹೇಳುವ ಕೆಲವು ಅಧ್ಯಯನಗಳು, ಮುಖ್ಯವಾಗಿ ಇರಾನಿನಿಂದ ಬಂದವು, ಇವೆ. ಅವುಗಳನ್ನು ಸುಳ್ಳೆನ್ನುವ ಅಗತ್ಯವಿಲ್ಲ. ಆದರೆ ಭಾಗವಹಿಸಿದವರು ಕೆಲವೇ ಡಜನ್ ಜನ. ಮೊಬೈಲು ಹೆಚ್ಚು ಬಳಸುವವರು ಏನು ತಿಂದರು, ಜೊಲ್ಲು ಎಷ್ಟು ಹರಿಯಿತು, ಕೆನ್ನೆಗೆ ಒತ್ತಿದ ಬಿಸಿ ಫೋನು ಎಷ್ಟು ಹೊತ್ತಿತ್ತು ಎಂಬುದನ್ನೆಲ್ಲ ಬಿಡಿಸಿ ನೋಡುವುದು ಅಷ್ಟು ಚಿಕ್ಕ ಗುಂಪಿನಲ್ಲಿ ಆಗದ ಕೆಲಸ. ಇನ್ನು ಅಳತೆ. ಅಲ್ಲಿ ಲೆಕ್ಕಕ್ಕೆ ಸಿಗುವ ನಿಕ್ಕಲ್ ಮೈಕ್ರೋಗ್ರಾಂಗಳಲ್ಲಿ. ನಾವು ದಿನವೂ ತಿನ್ನುವ ಕಾಳು, ಬೀಜ, ಸೊಪ್ಪುಗಳಿಂದಲೇ ಸುಮಾರು 100ರಿಂದ 300 ಮೈಕ್ರೋಗ್ರಾಂ ನಿಕ್ಕಲ್ ಹೊಟ್ಟೆಗೆ ಹೋಗುತ್ತದೆ. ನಿಕ್ಕಲ್ ಅಲರ್ಜಿ ಇರುವವರು, ಅಂದರೆ ಅಗ್ಗದ ಓಲೆ ಹಾಕಿದರೆ ಕಿವಿ ಕೀವು ಕಟ್ಟುವವರು, ಕ್ಲಿಪ್ ಹಾಕಿಸುವ ಮೊದಲೇ ದಂತವೈದ್ಯರಿಗೆ ಹೇಳಬೇಕು. ಅವರಿಗೆ ಮೊಬೈಲಿಲ್ಲದಿದ್ದರೂ ತೊಂದರೆ ಇದ್ದೇ ಇದೆ.

ಕಾಪರ್-ಟಿ ಬಗ್ಗೆಯೂ ಹಳ್ಳಿಗಳಲ್ಲಿ ಈ ಅನುಮಾನ ಇದೆ. ಸೊಂಟಕ್ಕೆ ಸಿಕ್ಕಿಸಿದ ಫೋನಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ತಾಮ್ರ ಚೂರುಚೂರೇ ಕರಗುವುದೇ ಅದರ ಕೆಲಸ, ಅದಕ್ಕೆ ಮೊಬೈಲಿನ ನೆರವು ಬೇಕಿಲ್ಲ. ಹೃದಯದ ಸ್ಟೆಂಟು ಕೂಡ ಅಷ್ಟೇ: ಒಂದೆರಡು ಇಂಚಿನೊಳಗಿನ ಕೋಬಾಲ್ಟ್-ಕ್ರೋಮಿಯಂ ಬಲೆ, ಸುತ್ತ ಎಡೆಬಿಡದೆ ಹರಿಯುವ ರಕ್ತ. ಅಷ್ಟು ಚೆನ್ನಾಗಿ ತಂಪಾಗುವ ಲೋಹ ಮೈಯಲ್ಲಿ ಬೇರೆಲ್ಲೂ ಸಿಗದು.

ಲೋಹ ಕರಗಿ ಮೈಗೆ ಸೇರುವ ಭಯ ಇದ್ದವರು ನೋಡಬೇಕಾದ ಕಥೆ ಬೇರೆ. ಜಾನ್ಸನ್ ಆ್ಯಂಡ್ ಜಾನ್ಸನ್ ಒಡೆತನದ ಡಿಪ್ಯೂ ಕಂಪನಿ ‘ಎಎಸ್‌ಆರ್’ ಎಂಬ ಸೊಂಟದ ಕೀಲು ಮಾರುತ್ತಿತ್ತು. ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ತಿರುಗುವ ವಿನ್ಯಾಸ. ಉಜ್ಜಿ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿತು, ಸುತ್ತಲಿನ ಮಾಂಸ ಹಾಳಾಯಿತು. 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಅದನ್ನು ಹಿಂಪಡೆದರು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು. ಕೇಂದ್ರ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಸೂತ್ರ ಪ್ರಕಟಿಸಿದ್ದು 2018ರ ಕೊನೆಯಲ್ಲಿ, ಎಂಟು ವರ್ಷದ ನಂತರ. ಯಾರ ರಕ್ತದಲ್ಲಿ ಕೋಬಾಲ್ಟ್ ಏರಿತೋ ಅವರಾರಿಗೂ ಅದು ಮೊಬೈಲಿನಿಂದ ಏರಿದ್ದಲ್ಲ. ಒಳಗೆ ಕೂತ ಕೀಲಿನ ಕಂಪನಿ ಮತ್ತು ಮಾದರಿಯ ಹೆಸರು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು? ಮೊಬೈಲ್ ಎಸ್‌ಎಆರ್ ಅಂಕಿಗಿಂತ ಮೊದಲು ತಿಳಿದುಕೊಳ್ಳಬೇಕಾದದ್ದು ಅದು.

ಕೇಳಿಸಿಕೊಳ್ಳುವ ಲೋಹ

2ಜಿ ಕಾಲದಲ್ಲಿ ಟಿವಿ ಪಕ್ಕ ಫೋನಿಟ್ಟಿದ್ದವರಿಗೆಲ್ಲ ಆ ಸದ್ದು ನೆನಪಿರುತ್ತದೆ. ಕಾಲ್ ಬರುವ ಎರಡು ಸೆಕೆಂಡು ಮೊದಲೇ ಸ್ಪೀಕರು ‘ಟರ್ ಟಟರ್ ಟರ್ ಗುರ್‌ರ್’ ಅನ್ನುತ್ತಿತ್ತು. 2ಜಿ ಫೋನು ಸೆಕೆಂಡಿಗೆ 217 ಸಲ ಅಲೆಯನ್ನು ಹೊತ್ತಿಸಿ ಆರಿಸುತ್ತದೆ. ಸ್ಪೀಕರಿನ ತಂತಿ ಅದನ್ನು ಹಿಡಿದು ಸದ್ದು ಮಾಡುತ್ತದೆ. ಗಮನಿಸಿ, ಅದೇ ಟಿವಿಯ ಕಬ್ಬಿಣದ ಸ್ಟ್ಯಾಂಡಿಗೆ ಏನೂ ಆಗುತ್ತಿರಲಿಲ್ಲ. ತೊಂದರೆ ಆಗುತ್ತಿದ್ದದ್ದು ಸಣ್ಣ ಸಂಕೇತವನ್ನು ಹಿಡಿದು ದೊಡ್ಡದು ಮಾಡುವ ಸರ್ಕ್ಯೂಟಿಗೆ.

ಪೇಸ್‌ಮೇಕರು ಅಂಥದ್ದೇ ಸರ್ಕ್ಯೂಟು. 1958ರ ಅಕ್ಟೋಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ಬಾರಿಗೆ ಮನುಷ್ಯನ ಮೈಯೊಳಗೆ ಇಟ್ಟ ಪೇಸ್‌ಮೇಕರು ಒಂದೇ ವೇಗದಲ್ಲಿ ಬಡಿಯುತ್ತಿದ್ದ ಮೊದ್ದು ಯಂತ್ರ. ಇಂದಿನದು ಹಾಗಲ್ಲ. ಎಡ ಕೊರಳೆಲುಬಿನ ಕೆಳಗೆ ಚರ್ಮದಡಿ ಕುಳಿತು, ರಕ್ತನಾಳದಲ್ಲಿ ಇಳಿಬಿಟ್ಟ ತಂತಿಯ ಮೂಲಕ ಹೃದಯದ ಸ್ವಂತ ಬಡಿತವನ್ನು ಸದಾ ಕೇಳಿಸಿಕೊಳ್ಳುತ್ತಿರುತ್ತದೆ. ಆ ಸಂಕೇತ ಕೆಲವೇ ಮಿಲಿವೋಲ್ಟ್. ಹೃದಯ ತಾನೇ ಬಡಿದರೆ ಇದು ಸುಮ್ಮನಿರುತ್ತದೆ, ಬಡಿಯದಿದ್ದರೆ ತಟ್ಟುತ್ತದೆ. ಹೊರಗಿನ ಗದ್ದಲವನ್ನು ‘ಹೃದಯ ಬಡಿಯುತ್ತಿದೆ’ ಎಂದು ತಪ್ಪು ತಿಳಿದರೆ ತಟ್ಟಬೇಕಾದಾಗ ಸುಮ್ಮನಿದ್ದುಬಿಡುತ್ತದೆ. ಪೂರ್ತಿ ಪೇಸ್‌ಮೇಕರನ್ನೇ ನಂಬಿದ ರೋಗಿಗೆ ತಲೆ ಸುತ್ತುತ್ತದೆ, ಬೀಳಬಹುದು. ಐಸಿಡಿ ಅದೇ ಗದ್ದಲವನ್ನು ‘ಹೃದಯ ಅದುರುತ್ತಿದೆ’ ಎಂದುಕೊಂಡರೆ ಎಚ್ಚರವಿದ್ದ ಮನುಷ್ಯನಿಗೆ ಸುಮ್ಮಸುಮ್ಮನೆ ಶಾಕ್ ಹೊಡೆಯುತ್ತದೆ. ಎದೆಗೆ ಕುದುರೆ ಒದ್ದ ಹಾಗೆ ಎಂದು ಅದನ್ನು ಉಂಡವರು ಹೇಳುವುದುಂಟು.

ಈ ಸಾಧ್ಯತೆಯನ್ನು ನೆಟ್ಟಗೆ ಪರೀಕ್ಷಿಸಿದ ದೊಡ್ಡ ಅಧ್ಯಯನ 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 980 ಪೇಸ್‌ಮೇಕರ್ ರೋಗಿಗಳು, 5,533 ಪರೀಕ್ಷೆಗಳು. ಫೋನನ್ನು ಬೇರೆ ಬೇರೆ ಕಡೆ ಹಿಡಿದು ನೋಡಿದರು. ಏನಾದರೊಂದು ಅಡಚಣೆ ಕಂಡದ್ದು ನೂರಕ್ಕೆ 20 ಸಲ. ನಿಸ್ಸಂದೇಹವಾಗಿ ರೋಗಿಗೆ ತೊಂದರೆ ಎನ್ನಬಹುದಾದದ್ದು ನೂರಕ್ಕೆ 1.7, ಅದೂ ಫೋನನ್ನು ಪೇಸ್‌ಮೇಕರಿನ ಮೇಲೆಯೇ ಇಟ್ಟಾಗ ಮಾತ್ರ. ಎಲ್ಲರೂ ಮಾತಾಡುವ ಹಾಗೆ ಕಿವಿಗೆ ಹಿಡಿದಾಗ ಚಿಂತಿಸಬೇಕಾದ ಒಂದೂ ಘಟನೆ ಸಿಗಲಿಲ್ಲ. ಅದು ಕಾಲು ಶತಮಾನದ ಹಿಂದಿನ ಮಾತು. ಆಮೇಲೆ ಪೇಸ್‌ಮೇಕರಿಗೆ ತಂತಿ ಸೇರುವ ಬಾಯಲ್ಲೇ ಮೊಬೈಲಿನ ಅಲೆಗಳನ್ನು ಸೋಸುವ ಫಿಲ್ಟರು ಬಂತು, ಹೊರಗಿನ ಗದ್ದಲ ಕಡಿಮೆ ಹಿಡಿಯುವ ಎರಡು ಧ್ರುವದ ತಂತಿ ಬಂತು, ಫೋನುಗಳ ಶಕ್ತಿ ಇಳಿಯಿತು. ಆ ಅಲೆಯ ಜಗಳ ಬಹುಮಟ್ಟಿಗೆ ಎಂಜಿನಿಯರುಗಳು ಬಗೆಹರಿಸಿದ ಜಗಳ.

ಬಹುಮಟ್ಟಿಗೆ ಅಂದೆ. ಸಿಗ್ನಲ್ ಕ್ಷೀಣವಿದ್ದಷ್ಟೂ ಫೋನು ಜೋರಾಗಿ ಕೂಗುತ್ತದೆ. ಟವರು ಮನೆಯ ಪಕ್ಕ ಬೇಡ ಎಂದು ಅರ್ಜಿ ಕೊಡುವವರಿಗೆ ಇದು ಹಿಡಿಸದ ಮಾತು, ಆದರೆ ಟವರು ಹತ್ತಿರವಿದ್ದರೆ ಕೈಯಲ್ಲಿರುವ ಫೋನು ಮೆಲ್ಲಗೆ ಮಾತಾಡುತ್ತದೆ. ಮಲೆನಾಡಿನ ಕಣಿವೆಯ ಮನೆಗಳಲ್ಲಿ, ಅಂಗಳದ ಒಂದೇ ಮೂಲೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುವ ಕಡೆ, ಫೋನು ತನ್ನ ಪೂರ್ತಿ ಶಕ್ತಿ ಹಾಕುತ್ತಿರುತ್ತದೆ. ಅಲ್ಲಿ ಪೇಸ್‌ಮೇಕರ್ ಇರುವ ಹಿರಿಯರ ಕೈಯಲ್ಲಿರುವುದು ಹಳೆಯ 2ಜಿ ಕೀಪ್ಯಾಡ್ ಫೋನೇ ಆಗಿರುವ ಸಂಭವವೂ ಹೆಚ್ಚು. ಬಲಗಿವಿಗೆ ಹಿಡಿಯಿರಿ, ಎಡ ಅಂಗಿಜೇಬಿಗೆ ಹಾಕಬೇಡಿ ಎಂಬ ಹಳೆಯ ಸಲಹೆ ಅವರಿಗೆ ಇಂದಿಗೂ ಸರಿ.

ಅಂದ ಹಾಗೆ, ವಿಕಿರಣ ತಡೆಯುವ ಸ್ಟಿಕ್ಕರುಗಳನ್ನು ಫೋನಿನ ಬೆನ್ನಿಗೆ ಅಂಟಿಸುವವರಿಗೂ ಇದೇ ಲೆಕ್ಕ. ನಿಜವಾಗಿ ತಡೆದರೆ ಸಿಗ್ನಲ್ ಕುಗ್ಗಿ ಫೋನು ಇನ್ನಷ್ಟು ಶಕ್ತಿ ಹಾಕುತ್ತದೆ; ತಡೆಯದಿದ್ದರೆ ದುಡ್ಡು ದಂಡ. 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಸಗಣಿಯ ಚಿಪ್ಪೊಂದನ್ನು ತೋರಿಸಿ ಇದು ಮೊಬೈಲ್ ವಿಕಿರಣ ತಗ್ಗಿಸುತ್ತದೆ ಎಂದಾಗ ನೂರಾರು ವಿಜ್ಞಾನಿಗಳು ಸಹಿ ಹಾಕಿ ಪುರಾವೆ ಕೇಳಿದ್ದರು.

ಅಯಸ್ಕಾಂತದ ಸರದಿ

ಪೇಸ್‌ಮೇಕರೂ ಐಸಿಡಿಯೂ ಅಯಸ್ಕಾಂತಕ್ಕೆ ಓಗೊಡುವುದು ದೋಷವಲ್ಲ, ಬೇಕೆಂದೇ ಇಟ್ಟ ಸೌಲಭ್ಯ. ಬೇರೆ ಶಸ್ತ್ರಚಿಕಿತ್ಸೆ ನಡೆಯುವಾಗ ವೈದ್ಯರು ಎದೆಯ ಮೇಲೆ ಬಳೆಯಂಥ ಅಯಸ್ಕಾಂತ ಇಡುತ್ತಾರೆ. ಒಳಗಿನ ಸಂವೇದಕ ಅದನ್ನು ಗುರುತಿಸಿದರೆ ಪೇಸ್‌ಮೇಕರು ಕೇಳಿಸಿಕೊಳ್ಳುವುದನ್ನು ಬಿಟ್ಟು ನಿಗದಿತ ವೇಗದಲ್ಲಿ ತಟ್ಟತೊಡಗುತ್ತದೆ. ಐಸಿಡಿ ಶಾಕ್ ಕೊಡುವುದನ್ನು ನಿಲ್ಲಿಸುತ್ತದೆ. ಅಯಸ್ಕಾಂತ ತೆಗೆದರೆ ಎಲ್ಲ ಮೊದಲಿನಂತೆ. ಶಾಶ್ವತ ಹಾನಿ ಇಲ್ಲ. ಅಪಾಯ ಇರುವುದು ಆ ನಡುವಿನ ಹೊತ್ತಿನಲ್ಲಿ: ಐಸಿಡಿ ಮಲಗಿರುವಾಗಲೇ ಹೃದಯ ಹಳಿ ತಪ್ಪಿದರೆ ಎಬ್ಬಿಸುವವರಿಲ್ಲ, ಮತ್ತು ಅದು ಮಲಗಿದೆ ಎಂಬುದು ಎಷ್ಟೋ ಸಲ ರೋಗಿಗೆ ಗೊತ್ತಾಗುವುದೂ ಇಲ್ಲ.

10 ಗೌಸ್‌ವರೆಗಿನ ಕ್ಷೇತ್ರಕ್ಕೆ ಈ ಸಾಧನಗಳು ಅಲುಗಬಾರದು ಎಂಬುದು ಅಂತಾರಾಷ್ಟ್ರೀಯ ಮಾನದಂಡ. ಗೌಸ್ ಎಂದರೆ ಅಯಸ್ಕಾಂತದ ಕ್ಷೇತ್ರದ ಅಳತೆ. ಭೂಮಿಯ ಕ್ಷೇತ್ರ ಅರ್ಧ ಗೌಸ್‌ನ ಆಸುಪಾಸು. ಅಮೆರಿಕದ ಎಫ್‌ಡಿಎ ಐಫೋನ್ 12ರ ಎಲ್ಲ ಮಾದರಿಗಳನ್ನು ಅಳೆದಾಗ ಮೈಗೆ ಅಂಟಿಕೊಂಡಂತಿರುವ ದೂರದಲ್ಲಿ 10 ಗೌಸ್ ದಾಟಿತ್ತು, ಆರು ಇಂಚು ಸರಿಸಿದರೆ ಎಷ್ಟೋ ಕೆಳಗೆ ಇಳಿದಿತ್ತು. ಅಯಸ್ಕಾಂತದ ಪ್ರಭಾವ ದೂರದ ಜೊತೆ ಕಡಿದಾಗಿ ಕುಸಿಯುತ್ತದೆ, ದೂರ ಎರಡರಷ್ಟಾದರೆ ಎಂಟನೇ ಒಂದಕ್ಕೆ. ಆಪಲ್ ಕಂಪನಿ ಕೊಟ್ಟ ಸಲಹೆಯೂ ಅದೇ: ಫೋನು ಮತ್ತು ಸಾಧನದ ನಡುವೆ 15 ಸೆಂಟಿಮೀಟರಿಗಿಂತ ಹೆಚ್ಚು, ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30 ಸೆಂಟಿಮೀಟರಿಗಿಂತ ಹೆಚ್ಚು. ಚಾರ್ಜಿಗೆ ಇಟ್ಟಿರದ ಫೋನನ್ನು ಒಂದು ಗೇಣು ದೂರ ಇಟ್ಟರೆ ಅದರಿಂದ ಭಯವಿಲ್ಲ ಎಂದಾಯಿತು.

ಆದರೆ ಅಯಸ್ಕಾಂತ ಫೋನಿನಲ್ಲಷ್ಟೇ ಇಲ್ಲ. ಕೊರಳಿಗೆ ಹಾಕಿಕೊಳ್ಳುವ ಬ್ಲೂಟೂತ್ ನೆಕ್‌ಬ್ಯಾಂಡನ್ನು ನೋಡಿ. ಮಾತು ಮುಗಿದ ಮೇಲೆ ಎರಡು ಇಯರ್‌ಫೋನುಗಳು ‘ಟಕ್’ ಎಂದು ಒಂದಕ್ಕೊಂದು ಅಂಟಿಕೊಂಡು ಎದೆಯ ಮೇಲೆ ತೂಗುತ್ತವೆ. ಬಗ್ಗಿದಾಗ, ಸ್ಕೂಟರ್ ಓಡಿಸುವಾಗ, ಮಲಗಿದಾಗ ಅವು ಜಾರಿ ಬರುವುದು ಸರಿಯಾಗಿ ಕೊರಳೆಲುಬಿನ ಕೆಳಗೆ. ಬಾಸ್ಟನ್‌ನ ವೈದ್ಯರು 2008ರಲ್ಲೇ 60 ರೋಗಿಗಳ ಎದೆಯ ಮೇಲೆ ಸಾಮಾನ್ಯ ಇಯರ್‌ಫೋನುಗಳನ್ನಿಟ್ಟು ಪರೀಕ್ಷಿಸಿದ್ದರು. 14 ಜನರ ಸಾಧನಗಳು ಪ್ರತಿಕ್ರಿಯಿಸಿದವು. ಮೂರು ಸೆಂಟಿಮೀಟರಿಗಿಂತ ದೂರ ಸರಿಸಿದರೆ ಸಾಕಿತ್ತು. ಇಯರ್‌ಫೋನಿನಲ್ಲಿ ಹಾಡು ಬರುತ್ತಿದೆಯೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಇಲ್ಲ, ಸ್ವಿಚ್ ಆಫ್ ಮಾಡಿದರೂ ಅಯಸ್ಕಾಂತ ಅಯಸ್ಕಾಂತವೇ. ಬಿಪಿ ಇಳಿಸುತ್ತದೆಂದು ಜಾತ್ರೆಯಲ್ಲಿ ಮಾರುವ ಮ್ಯಾಗ್ನೆಟಿಕ್ ಬಳೆ, ಅಂಗಿಗೆ ಚುಚ್ಚದೆ ಸಿಕ್ಕಿಸುವ ಮ್ಯಾಗ್ನೆಟ್ ಬ್ಯಾಡ್ಜು ಇವೂ ಇದೇ ಸಾಲಿನವು. ಹಳ್ಳಿಯಲ್ಲಿ ರವಿಕೆಯೊಳಗೆ ಫೋನಿಟ್ಟುಕೊಳ್ಳುವ ಹೆಂಗಸರಿದ್ದಾರೆ. ಆಸ್ಪತ್ರೆಯ ಸಲಹೆ ಚೀಟಿಯಲ್ಲಿ ‘ಅಂಗಿಯ ಜೇಬು’ ಮಾತ್ರ ಬರೆದಿರುತ್ತದೆ.

ಬ್ಯಾಟರಿ ಇಲ್ಲದೆಯೂ ಅಯಸ್ಕಾಂತಕ್ಕೆ ಸೋಲುವ ಸಾಧನ ಒಂದಿದೆ. ತಲೆಯಲ್ಲಿ ನೀರು ತುಂಬುವ ಕಾಯಿಲೆಗೆ ಹಾಕುವ ಷಂಟ್. ಅದರ ದುಬಾರಿ ಬಗೆಗಳಲ್ಲಿ ನೀರು ಹರಿಯುವ ಒತ್ತಡವನ್ನು ವೈದ್ಯರು ಹೊರಗಿನಿಂದಲೇ ಅಯಸ್ಕಾಂತ ತಿರುಗಿಸಿ ಬದಲಿಸುತ್ತಾರೆ. ವಾಲ್ವ್ ಕೂರುವುದು ಕಿವಿಯ ಹಿಂದೆ, ಫೋನು ಬರುವುದೂ ಅಲ್ಲಿಗೇ. ಎಫ್‌ಡಿಎ ಇಂಥವರಿಗೆ ಫೋನು, ಹೆಡ್‌ಫೋನುಗಳನ್ನು ವಾಲ್ವಿನಿಂದ ಎರಡು ಇಂಚಾದರೂ ದೂರವಿಡಿ, ಇನ್ನೊಂದು ಕಿವಿಯಲ್ಲಿ ಮಾತಾಡಿ ಎನ್ನುತ್ತದೆ. ಒತ್ತಡ ಬದಲಿಸಲಾಗದ ಅಗ್ಗದ ಷಂಟಿಗೆ ಈ ಚಿಂತೆಯೇ ಇಲ್ಲ. ಮಗುವಿಗೆ ಹಾಕಿರುವುದು ಯಾವ ಬಗೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ತಂದೆತಾಯಿಯ ಕೆಲಸ. ಕಿವುಡಿಗೆ ಒಳಗಿವಿಯಲ್ಲಿ ಇಡುವ ಕಾಕ್ಲಿಯರ್ ಇಂಪ್ಲಾಂಟ್ ಇರುವ ಮಕ್ಕಳು ಫೋನಿನಲ್ಲಿ ಮಾತಾಡಬಹುದು. ಕೆಲವೊಮ್ಮೆ ಗುಂಯ್ ಎಂಬ ಸದ್ದು ಕೇಳಿಸಬಹುದು, ಆಗ ಫೋನನ್ನು ಚೂರು ಸರಿಸಿದರಾಯಿತು.

ಮನೆಯ ಉಳಿದ ಸಾಮಾನುಗಳಲ್ಲಿ ಪೇಸ್‌ಮೇಕರಿನವರು ಗಮನಿಸಬೇಕಾದದ್ದು ಇಂಡಕ್ಷನ್ ಒಲೆ. ಅದರಿಂದ ಎರಡು ಅಡಿ ದೂರ ನಿಲ್ಲಿ ಎಂದು ಬ್ರಿಟನ್ನಿನ ಹೃದಯ ಪ್ರತಿಷ್ಠಾನ ಹೇಳುತ್ತದೆ. ಮಿಕ್ಸಿ, ಟಿವಿ, ರಿಮೋಟು ಯಾವುದೂ ತೊಂದರೆ ಕೊಡುವುದಿಲ್ಲ. ಮೆಟ್ರೋ ನಿಲ್ದಾಣದ ಬಾಗಿಲಿನಂಥ ಡಿಟೆಕ್ಟರನ್ನು ನಿಲ್ಲದೆ ದಾಟಿ. ಕೈಯಲ್ಲಿ ಹಿಡಿದು ಸವರುವ ಡಿಟೆಕ್ಟರನ್ನು ಎದೆಯ ಮೇಲೆ ಆಡಿಸಲು ಬಿಡದೆ ಆಸ್ಪತ್ರೆ ಕೊಟ್ಟ ಕಾರ್ಡ್ ತೋರಿಸಿ. ರಾಡಿನವರು ಅಲ್ಲಿ ಬೀಪ್ ಸದ್ದು ಕೇಳಿ ಗಾಬರಿಯಾಗುವುದು ಬೇಡ.

ಮುಂದೆ ಈ ಪ್ರಶ್ನೆ ಇನ್ನಷ್ಟು ಮನೆಗಳಿಗೆ ಬರಲಿದೆ. ಆಪಲ್‌ನ ಅಯಸ್ಕಾಂತದ ಉಂಗುರವನ್ನೇ ಆಧರಿಸಿ 2023ರಲ್ಲಿ ‘ಚೀ2’ ಎಂಬ ವೈರ್‌ಲೆಸ್ ಚಾರ್ಜಿಂಗ್ ಮಾನದಂಡ ಬಂತು; ಗೂಗಲ್ ಪಿಕ್ಸೆಲ್ 10ರಂಥ ಆಂಡ್ರಾಯ್ಡ್ ಫೋನುಗಳ ಬೆನ್ನಿಗೂ ಉಂಗುರ ಸೇರಿತು. ಐಫೋನ್ 12 ಈಗ ಹಳೆಯದಾಗಿದೆ, ಅಂದರೆ ಅದು ಕೈ ಬದಲಿಸುವ ಕಾಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ ಹೊಸದು ಕೊಂಡು, ಹಳೆಯದನ್ನು ಊರಿಗೆ ಬಂದಾಗ ಅಪ್ಪನಿಗೆ ಕೊಟ್ಟು ಹೋಗುತ್ತಾನೆ. ಅಪ್ಪನಿಗೆ ಹೋದ ವರ್ಷ ಪೇಸ್‌ಮೇಕರ್ ಹಾಕಿರುತ್ತಾರೆ, ಅಂಗಿಗೆ ಇರುವುದು ಎಡಗಡೆ ಒಂದೇ ಜೇಬು. 15 ಸೆಂಟಿಮೀಟರಿನ ಎಚ್ಚರಿಕೆ ಇರುವುದು ಕಂಪನಿಯ ವೆಬ್‌ಸೈಟಿನಲ್ಲಿ, ಇಂಗ್ಲಿಷಿನಲ್ಲಿ. ಡಿಸ್ಚಾರ್ಜ್ ಸಮ್ಮರಿಯ ಕೊನೆಗೆ ಮಾತ್ರೆಗಳ ಪಟ್ಟಿಯ ಜೊತೆ ಕನ್ನಡದಲ್ಲಿ ಒಂದು ಸಾಲು ಸೇರಿಸಲು ಯಾವ ಆಸ್ಪತ್ರೆಗೂ ಖರ್ಚಿಲ್ಲ: ‘ಮೊಬೈಲು, ಇಯರ್‌ಫೋನು, ಯಾವುದೇ ಅಯಸ್ಕಾಂತ ಪೇಸ್‌ಮೇಕರಿನಿಂದ ಒಂದು ಗೇಣು ದೂರವಿರಲಿ, ಫೋನನ್ನು ಎಡಎದೆಯ ಜೇಬಿನಲ್ಲಾಗಲಿ ರವಿಕೆಯೊಳಗಾಗಲಿ ಇಡಬೇಡಿ, ಬಲಗಿವಿಯಲ್ಲಿ ಮಾತಾಡಿ.’